ಅಡಿಕೆ ದುಡ್ಡಿನಲ್ಲಿ ಮ್ಯಾಂಚೆಸ್ಟರ್ ಬಾಡಿಗೆ: ಲೆಕ್ಕ ಎಲ್ಲಿ ತಪ್ಪುತ್ತದೆ

ಮ್ಯಾಂಚೆಸ್ಟರಿನಲ್ಲಿ ತರಗತಿ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಆ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆಯ ಕೊನೆ, ಅಂದರೆ ಗೊನೆ, ಇನ್ನೂ ಮರದಲ್ಲೇ ಇರುತ್ತದೆ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಶಿವಮೊಗ್ಗದ ಮಂಡಿ ಸೇರುವಷ್ಟರಲ್ಲಿ ಸಂಕ್ರಾಂತಿ ಬಂದಿರುತ್ತದೆ. ಮಕ್ಕಳನ್ನು ಎಂ.ಎಸ್‌ಸಿ.ಗೆ ಕಳಿಸುವ ತೋಟದ ಮನೆಗಳು ಎಡವುವುದು ಹೆಚ್ಚಾಗಿ ಇಲ್ಲೇ: ದುಡ್ಡು ಇರುತ್ತದೆ, ಬೇಕಾದ ದಿನ ಬೇಕಾದ ಖಾತೆಯಲ್ಲಿ ಇರುವುದಿಲ್ಲ. ಹಾಗಾಗಿ ರೂಮು ಹುಡುಕುವ ಮೊದಲು ಕ್ಯಾಲೆಂಡರ್ ನೋಡಿ.

ವೀಸಾಕ್ಕೆ ತೋರಿಸಬೇಕಾದ ಜೀವನವೆಚ್ಚ 2025ರ ನವೆಂಬರ್ 11ರಿಂದ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಉಳಿದೆಡೆ 1,171. ಮ್ಯಾಂಚೆಸ್ಟರಿಗೆ 9 ತಿಂಗಳಿಗೆ 10,539 ಪೌಂಡ್. ಪೌಂಡಿಗೆ 120 ರೂಪಾಯಿ ಹಿಡಿದರೆ ಸುಮಾರು 12.65 ಲಕ್ಷ. ಕಟ್ಟದೆ ಉಳಿದ ಶುಲ್ಕ ಬೇರೆ. ಅರ್ಜಿ ಹಾಕುವ ದಿನ ಸರ್ಕಾರಿ ವೆಬ್‌ಸೈಟಿನಲ್ಲಿ ದರ ಮತ್ತೊಮ್ಮೆ ನೋಡಿಕೊಳ್ಳಿ, ಇದು ಆಗಾಗ ಏರುತ್ತದೆ. ಈ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು. ಒಂದೇ ಒಂದು ದಿನ ಸಾವಿರ ರೂಪಾಯಿ ಕಡಿಮೆಯಾದರೂ ಅರ್ಜಿ ತಿರಸ್ಕೃತ. ಖಾತೆ ವಿದ್ಯಾರ್ಥಿಯದ್ದೋ ಅಪ್ಪ–ಅಮ್ಮನದ್ದೋ ಆಗಿರಬೇಕು. ಚಿಕ್ಕಪ್ಪ ಕೊಡುತ್ತಾರೆ, ಮಾವ ಹಾಕುತ್ತಾರೆ ಎಂದರೆ ನಡೆಯದು. ಅವರ ಹಣ ಮೊದಲೇ ಅಪ್ಪನ ಖಾತೆಗೆ ಬಂದು 28 ದಿನ ಕೂರಬೇಕು. ಅಟ್ಟದ ಮೇಲಿನ ರಾಶಿ ಅಡಿಕೆ, ತೋಟದ ಪಹಣಿ, ಮಂಡಿ ಲೆಕ್ಕದ ಬಾಕಿ ಯಾವುದೂ ಗಣನೆಗೆ ಬರುವುದಿಲ್ಲ. ರೇಟು ಏರಲಿ ಎಂದು ಮಾಲು ಇಟ್ಟುಕೊಂಡಿದ್ದರೆ ಮೇ ತಿಂಗಳೊಳಗೆ ಬೇಕಾದಷ್ಟನ್ನಾದರೂ ಮಾರಿಬಿಡಿ. ವಿದ್ಯಾರ್ಥಿಯ ಹೆಸರಿನ ಶೈಕ್ಷಣಿಕ ಸಾಲವಾದರೆ 28 ದಿನದ ಕಟ್ಟು ಇಲ್ಲ. ಮಂಜೂರಾತಿ ಪತ್ರ ಅರ್ಜಿಗೆ ಹಿಂದಿನ 6 ತಿಂಗಳೊಳಗಿನದಾಗಿದ್ದರೆ ಸಾಕು.

ಇನ್ನು ಬಾಡಿಗೆ. ಅಲ್ಲಿ ವಿದ್ಯಾರ್ಥಿ ರೂಮುಗಳ ದರ ವಾರದ ಲೆಕ್ಕದಲ್ಲಿರುತ್ತದೆ. ನಮ್ಮವರು ಅದನ್ನು ನಾಲ್ಕರಿಂದ ಗುಣಿಸಿ ತಿಂಗಳ ಬಾಡಿಗೆ ಎಂದುಕೊಳ್ಳುತ್ತಾರೆ, ಅದು ತಪ್ಪು. 52ರಿಂದ ಗುಣಿಸಿ 12ರಿಂದ ಭಾಗಿಸಿ. ವಾರಕ್ಕೆ 150 ಪೌಂಡ್ ಎಂದರೆ ತಿಂಗಳಿಗೆ 600 ಅಲ್ಲ, 650. ಎಷ್ಟು ವಾರದ ಕರಾರು ಎಂಬುದನ್ನೂ ಕೇಳಿ. 165 ಪೌಂಡಿನ 44 ವಾರ ಎಂದರೆ 7,260. 150 ಪೌಂಡಿನ 51 ವಾರ ಎಂದರೆ 7,650. ಅಗ್ಗ ಕಂಡಿದ್ದು ಒಟ್ಟಿನಲ್ಲಿ ದುಬಾರಿ. ಆದರೂ ಒಂದು ವರ್ಷದ ಎಂ.ಎಸ್‌ಸಿ.ಯವರಿಗೆ 51 ವಾರವೇ ಸರಿ, ಏಕೆಂದರೆ ಪ್ರಬಂಧ ಬರೆಯುವುದು ಬೇಸಿಗೆಯಲ್ಲಿ. 44 ವಾರದವರು ಆಗ ಪೆಟ್ಟಿಗೆ ಹೊತ್ತು ಬೇರೆ ರೂಮು ಹುಡುಕಬೇಕಾಗುತ್ತದೆ.

ಹಾಸ್ಟೆಲ್ ಮಾದರಿಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮೂರು ಕಂತು: ಸೆಪ್ಟೆಂಬರ್ ಆಸುಪಾಸು, ಜನವರಿ, ಏಪ್ರಿಲ್. ಅಡಿಕೆ ಮನೆಗೆ ಇದಕ್ಕಿಂತ ಹೊಂದುವ ಏರ್ಪಾಡಿಲ್ಲ. ಮೊದಲ ಕಂತು ಸಾಲದಿಂದಲೋ ಉಳಿತಾಯದಿಂದಲೋ, ಉಳಿದೆರಡು ಹೊಸ ಬೆಳೆಯಿಂದ. ಬ್ರಿಟನ್ನಿನಲ್ಲಿ ಜಾಮೀನುದಾರರಿಲ್ಲದಿದ್ದರೆ ಕೆಲವು ಕಟ್ಟಡಗಳು ಇಡೀ ವರ್ಷದ ಹಣವನ್ನು ಮುಂಗಡ ಕೇಳುತ್ತವೆ. ಬುಕ್ ಮಾಡುವ ಮೊದಲು, ಜಾಮೀನಿಲ್ಲದೆ ಕಂತು ಕೊಡುತ್ತೀರಾ ಎಂದು ಇಮೇಲಿನಲ್ಲೇ ಕೇಳಿ ಉತ್ತರ ಇಟ್ಟುಕೊಳ್ಳಿ.

ಫ್ಯಾಲೋಫೀಲ್ಡ್, ರಶೋಮ್, ವಿಥಿಂಗ್ಟನ್ ಕಡೆಯ ಖಾಸಗಿ ಮನೆಗಳ ಕಾನೂನು ಬೇರೆ. 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಮಾಲೀಕರು ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡ ಕೇಳುವಂತಿಲ್ಲ. ಹಿಂದೆ ನಮ್ಮ ಮಕ್ಕಳಿಂದ ಆರಾರು ತಿಂಗಳದ್ದು ಕೇಳುತ್ತಿದ್ದರು. ಈಗಲೂ ಯಾರಾದರೂ ಕೇಳಿದರೆ ಆ ಮನೆಯ ಆಸೆ ಬಿಡುವುದೇ ವಾಸಿ. ಡಿಪಾಸಿಟ್ 5 ವಾರದ ಬಾಡಿಗೆ ಮೀರುವಂತಿಲ್ಲ, ಅಂದರೆ ವಾರಕ್ಕೆ 150 ಪೌಂಡಿನ ರೂಮಿಗೆ ಹೆಚ್ಚೆಂದರೆ 750 ಪೌಂಡ್. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ನಂಬಲಾಗದು. ರೂಮು ಹಿಡಿದಿಡುವ ಹಣ ಒಂದು ವಾರದ್ದು ಮಾತ್ರ. ಏಜೆಂಟ್ ಕಮಿಷನ್, ದಾಖಲೆ ಶುಲ್ಕ ಎಂದೆಲ್ಲ ಬಾಡಿಗೆದಾರರಿಂದ ಕೀಳುವುದನ್ನು 2019ರಲ್ಲೇ ನಿಷೇಧಿಸಿದ್ದಾರೆ. ಡಿಪಾಸಿಟ್ ಪಡೆದ 30 ದಿನದೊಳಗೆ ಸರ್ಕಾರಿ ಮಾನ್ಯತೆಯ ಮೂರು ಯೋಜನೆಗಳಲ್ಲಿ ಒಂದರಲ್ಲಿ ಅದನ್ನು ಭದ್ರಪಡಿಸಿ ವಿವರ ಕೊಡಬೇಕು. ಕೊಡದ ಮಾಲೀಕರ ಮೇಲೆ ಕೋರ್ಟಿನಲ್ಲಿ ಡಿಪಾಸಿಟ್ಟಿನ ಒಂದರಿಂದ ಮೂರು ಪಟ್ಟು ಪರಿಹಾರ ಕೇಳಬಹುದು. ನಾಲ್ಕು ಜನ ಸೇರಿ ಒಂದೇ ಕರಾರಿಗೆ ಸಹಿ ಹಾಕುವಾಗ ಎಚ್ಚರ: ಒಬ್ಬ ಕೈಕೊಟ್ಟರೆ ಅವನ ಪಾಲೂ ಉಳಿದವರ ತಲೆಗೆ.

ಊರಿನಿಂದಲೇ ಹಣ ಕಳಿಸಿ ಮೋಸಹೋಗುವುದು ಇನ್ನೊಂದು. ವಾಟ್ಸಾಪಿನಲ್ಲಿ ಚಂದದ ಫೋಟೊ, 'ಇವತ್ತೇ ಹಾಕದಿದ್ದರೆ ಬೇರೆಯವರಿಗೆ ಹೋಗುತ್ತದೆ' ಎಂಬ ಅವಸರ. ವಿಡಿಯೋ ಕಾಲಿನಲ್ಲಿ ಬಾಗಿಲಿನಿಂದ ಬಚ್ಚಲವರೆಗೆ ತೋರಿಸಲು ಹೇಳಿ. ಭೂ ನೋಂದಣಿ ಇಲಾಖೆಯ ತಾಣದಲ್ಲಿ 7 ಪೌಂಡ್ ಕಟ್ಟಿದರೆ ಮನೆ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ನಮ್ಮ ಪಹಣಿ ತೆಗೆಸಿದ ಹಾಗೆ. ಅಲ್ಲಿನ ವಿಶ್ವವಿದ್ಯಾಲಯಗಳೇ ನಡೆಸುವ ಮ್ಯಾಂಚೆಸ್ಟರ್ ಸ್ಟೂಡೆಂಟ್ ಹೋಮ್ಸ್ ಪಟ್ಟಿಯಿಂದ ಹುಡುಕಾಟ ಶುರು ಮಾಡಿದರೆ ಅರ್ಧ ತಲೆನೋವು ಕಡಿಮೆ.

'ಬಿಲ್ ಸೇರಿ' ಎಂದಿದ್ದರೆ ಮಿತಿ ಎಷ್ಟು ಎಂದು ಕೇಳಿ. ಮೀರಿದ್ದನ್ನು ಕೊನೆಗೆ ವಸೂಲಿ ಮಾಡುತ್ತಾರೆ. ಸೇರಿಲ್ಲದಿದ್ದರೆ ಕಾಲಿಟ್ಟ ದಿನವೇ ಗ್ಯಾಸ್, ಕರೆಂಟ್ ಮೀಟರಿನ ಫೋಟೊ ತೆಗೆಯಿರಿ, ಇಲ್ಲವೇ ಹಿಂದಿನವರು ಉರಿಸಿದ್ದೂ ನಿಮ್ಮ ಲೆಕ್ಕಕ್ಕೆ. ಆಗುಂಬೆಯ ಒಂದು ಜುಲೈ ಮಳೆಯ ಮುಂದೆ ಮ್ಯಾಂಚೆಸ್ಟರಿನ ಇಡೀ ವರ್ಷದ ಮಳೆ ಏನೇನೂ ಅಲ್ಲ, ಆದರೂ ಬೂಷ್ಟಿನ ಕಾಟ ಅಲ್ಲೂ ಇದೆ. ನಮ್ಮಲ್ಲಿ ಬಚ್ಚಲೊಲೆಯ ಮೇಲೆ ಬಟ್ಟೆ ಹರವಿದರೆ ಹಸಿ ಹೆಂಚಿನ ಸಂದಿಯಲ್ಲಿ ಹೊರಹೋಗುತ್ತದೆ. ಅಲ್ಲಿ ಕಿಟಕಿ ಬಿಗಿ, ಗೋಡೆ ತಣ್ಣಗೆ. ರೂಮಿನಲ್ಲಿ ಒಣಹಾಕಿದ ಬಟ್ಟೆಯ ಹಸಿ ಗೋಡೆಗೇ ಕೂತು ಕಪ್ಪಾಗುತ್ತದೆ. ಬಾಡಿಗೆದಾರರ ತಪ್ಪೆಂದು ಡಿಪಾಸಿಟ್ಟಿಗೆ ಕೈ ಹಾಕಲು ಅದೇ ನೆಪ. ಮೊದಲ ದಿನವೇ ಮೂಲೆ, ಕಿಟಕಿ ಚೌಕಟ್ಟು, ಹಾಸಿಗೆಯ ಹಿಂಬದಿಯ ಫೋಟೊ ತೆಗೆದು ಮಾಲೀಕರಿಗೆ ಇಮೇಲ್ ಮಾಡಿಡಿ.

ಕೌನ್ಸಿಲ್ ತೆರಿಗೆ ಎಂಬ ಸ್ಥಳೀಯ ತೆರಿಗೆ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದ ಮನೆಗೆ ಇಲ್ಲ. ಕೆಲಸ ಮಾಡುವವರೊಬ್ಬರು ಸೇರಿದರೆ ಬಿಲ್ ಬರುತ್ತದೆ, ಶೇ. 25 ರಿಯಾಯಿತಿ ಕಳೆದು. ವಿನಾಯಿತಿ ನಿಲ್ಲುವುದು ಘಟಿಕೋತ್ಸವದ ದಿನವಲ್ಲ, ಕೋರ್ಸ್ ಮುಗಿಯುವ ದಿನ. ಕೆಲಸ ಹುಡುಕುತ್ತ ಅದೇ ಮನೆಯಲ್ಲಿ ಉಳಿದವರಿಗೆ ಆ ಬಿಲ್ ಬರುವುದೂ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಊರಲ್ಲಿ ಆಗಲೂ ಕೊನೆ ಮರದಲ್ಲೇ ಇರುತ್ತದೆ. ಹಿಂದಿನ ಬೆಳೆಯ ದುಡ್ಡಿನಲ್ಲೇ ಎರಡು ತಿಂಗಳ ಖರ್ಚು ಎತ್ತಿಟ್ಟಿರಬೇಕು.