ಕಾರ್ಡಿನ ಬೆನ್ನು ಓದಲು ಕಲಿತದ್ದು

ಕೆಲಸದ ನಿಮಿತ್ತ ಪಿಟ್ಸ್‌ಬರ್ಗಿನಲ್ಲಿ ನೆಲೆಸಿದ ಮೇಲೆ ನಾನು ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಕೂಡಿಡತೊಡಗಿದೆ. ಆಟದ ಒಳಸೂಕ್ಷ್ಮ ನನಗೆ ಇಂದಿಗೂ ಪೂರ್ತಿ ತಿಳಿಯದು. ಬಾಲ್ಯದಲ್ಲಿ ಬೆಂಕಿಪೊಟ್ಟಣದ ಚಿತ್ರಗಳಿಗಾಗಿ ಬೀದಿ ಸುತ್ತಿದ ಚಟವೇ ಇಲ್ಲಿಯೂ ಕೈಹಿಡಿಯಿತೆನ್ನಬೇಕು. ನಾನು ಆರಿಸಿಕೊಂಡದ್ದು, ಅಮೆರಿಕನ್ ಟೊಬ್ಯಾಕೊ ಕಂಪನಿಯು 1909ರಿಂದ 1911ರವರೆಗೆ ತನ್ನ ಸಿಗರೇಟು, ತಂಬಾಕಿನ ಪೊಟ್ಟಣಗಳಲ್ಲಿಟ್ಟು ಹಂಚಿದ ಟಿ206 ಸರಣಿಯನ್ನು. ಈ ಗುರುತನ್ನು ಕೊಟ್ಟವರು ಸಿರಾಕ್ಯೂಸ್‌ನ ಸಂಗ್ರಾಹಕ ಜೆಫರ್ಸನ್ ಬರ್ಡಿಕ್; 'ಟಿ' ಎಂದರೆ ತಂಬಾಕು. ಐನೂರಕ್ಕೂ ಹೆಚ್ಚು ಕಾರ್ಡುಗಳ ಈ ಸರಣಿಯನ್ನು ಪೂರ್ತಿ ಮಾಡುವ ಆಸೆಯನ್ನು ನಾನು ಇಟ್ಟುಕೊಳ್ಳಲಿಲ್ಲ, ಏಕೆಂದರೆ ಇದೇ ಊರಿನ ತಂಡದಲ್ಲಿ ಆಡಿದ ಹೋನಸ್ ವ್ಯಾಗ್ನರ್ ಅವರ ಒಂದೇ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಗಿದೆ.

ಮೊದಲು ಕೊಂಡ ಕಾರ್ಡು ನಕಲಿಯಾಗಿತ್ತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದಾಗ, ಆಟಗಾರನ ಹೆಸರಿನ ಅಕ್ಷರಗಳು ಸಹ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದು ಕಂಡವು. ಕಲ್ಲಚ್ಚಿನಲ್ಲಿ ಮುದ್ರಿತವಾದ ಅಸಲಿ ಕಾರ್ಡಿನ ಮುಖದ ಬಣ್ಣದಲ್ಲಿ ಚುಕ್ಕಿಗಳಿದ್ದರೂ ಹೆಸರಿನ ಕಂದು ಶಾಯಿ ಒಂದೇ ಸಮನೆ ಗಟ್ಟಿಯಾಗಿರುತ್ತದೆ. ಅಂದಿನಿಂದ ನಾನು ಮೊದಲು ನೋಡುವುದು ಅಕ್ಷರವನ್ನೇ.

ಆಮೇಲೆ ಕಾರ್ಡನ್ನು ಮಗುಚುತ್ತೇನೆ. ಮುಂಬದಿಯ ಚಿತ್ರ ಗಿರಾಕಿಯನ್ನು ಸೆಳೆಯಲು, ಹಿಂಬದಿ ಸರಕನ್ನು ಮಾರಲು; ಒಬ್ಬನೇ ಆಟಗಾರನ ಬೆನ್ನಿನಲ್ಲಿ ಬೇರೆ ಬೇರೆ ಬ್ರ್ಯಾಂಡುಗಳ ಜಾಹೀರಾತು ಸಿಗುತ್ತದೆ. ಪೀಡ್‌ಮಾಂಟ್ ಮತ್ತು ಸ್ವೀಟ್ ಕ್ಯಾಪೊರಲ್ ಹೇರಳವಾಗಿ ಸಿಗುವುದರಿಂದ, ಮೂಲೆ ಸವೆದ ಅಗ್ಗದ ಪ್ರತಿಗಳಿಂದಲೇ ಆರಂಭಿಸಿದೆ. 'ಹಿಂದೂ' ಎಂಬ ಹೆಸರಿನ ಸಿಗರೇಟಿನ ಕಂದು ಬೆನ್ನನ್ನು ಮಾತ್ರ, ನಿಜ ಹೇಳಬೇಕೆಂದರೆ, ಹೆಸರಿನ ಮೋಹಕ್ಕೆ ಹೆಚ್ಚು ಕೊಟ್ಟು ಕೊಂಡೆ. ಅಮೆರಿಕನ್ ಬ್ಯೂಟಿಯ ಕಾರ್ಡೊಂದು ಉಳಿದವುಗಳಿಗಿಂತ ಕಿರಿದಾಗಿದೆಯೆಂದು, ಯಾರೋ ಅಂಚು ಕತ್ತರಿಸಿರಬೇಕೆಂಬ ಶಂಕೆಯಿಂದ ಹಿಂದಿರುಗಿಸಿ ಮೂರ್ಖನಾದೆ. ಆ ಬ್ರ್ಯಾಂಡಿನ ಪೊಟ್ಟಣವೇ ಸಪೂರ, ಕಾರ್ಡೂ ಅದಕ್ಕೆ ತಕ್ಕಂತೆ ಕಿರಿದು. ಪೋಲಾರ್ ಬೇರ್ ಸಿಗರೇಟಲ್ಲ, ಬಿಡಿ ತಂಬಾಕು. ಕಾರ್ಡು ಆ ಚೂರುಗಳ ನಡುವೆಯೇ ಹುದುಗಿರುತ್ತಿದ್ದುದರಿಂದ ಹಲವು ಪ್ರತಿಗಳಲ್ಲಿ ಕಂದು ಕಲೆ ಉಳಿದಿದೆ. ಕಾರ್ಡಿನ ಸ್ಥಿತಿ ನೋಡಿ ದರ್ಜೆ ನಿಗದಿ ಮಾಡುವವರು ಅದಕ್ಕೆ ಅಂಕ ಕಳೆಯಬಹುದು, ಆದರೆ ನನ್ನ ಪಾಲಿಗೆ ಕಾರ್ಡು ಎಲ್ಲಿಂದ ಬಂತೆಂಬುದಕ್ಕೆ ಆ ಕಲೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಅದನ್ನು ಒರೆಸುವ ಗೋಜಿಗೆ ಹೋಗಿಲ್ಲ.

ಹದಿನಾರು ಬ್ರ್ಯಾಂಡುಗಳಲ್ಲಿ ಒಂಬತ್ತು ನನ್ನ ಬಳಿಯಿವೆ. ಕೈಗೆಟುಕದಷ್ಟು ಅಪರೂಪದ ಡ್ರಮ್, ಯೂಜಿಟ್ ಮತ್ತು ಟೈ ಕಾಬ್ ಬೆನ್ನುಗಳಿಗೆ ಆಲ್ಬಮ್ಮಿನಲ್ಲಿ ಜಾಗವನ್ನೇ ಬಿಟ್ಟಿಲ್ಲ.