ಫಾಲ್ಟ್ ಮೇಲೆ ಜಿಪಿಆರ್ ಎಳೆಯೋರಿಗೆ ಒಂದಿಷ್ಟು

ಮೊದಲೇ ಹೇಳ್ಬಿಡ್ತೀನಿ, ಬರೀ ಜಿಪಿಆರ್ (ನೆಲದೊಳಕ್ಕೆ ರೇಡಿಯೋ ಅಲೆ ಬಿಟ್ಟು ಪ್ರತಿಧ್ವನಿ ಹಿಡಿಯೋ ರೇಡಾರ್) ನೋಡಿ ಫಾಲ್ಟ್ (ನೆಲದ ಪದರಗಳು ತುಂಡಾಗಿ ಜಾರಿರೋ ಬಿರುಕು) ಆಕ್ಟಿವ್, ಅಂದ್ರೆ ಇತ್ತೀಚಿನ ಕಾಲದಲ್ಲಿ ಅಲುಗಿದ್ದು, ಹೌದೋ ಅಲ್ವೋ ಅಂತ ತೀರ್ಮಾನ ಮಾಡೋಕಾಗಲ್ಲ, ಯಾಕಂದ್ರೆ ಅದಕ್ಕೆ ಪದರದ ವಯಸ್ಸು ಗೊತ್ತಾಗಲ್ಲ. ಪದರ ಕಣ್ಣಾರೆ ನೋಡೋಕೆ ಟ್ರೆಂಚ್ (ಕಂದಕ) ಎಲ್ಲಿ ತೋಡ್ಬೇಕು ಅಂತ ತೋರ್ಸುತ್ತೆ, ಅಷ್ಟೇ.

ಮಷಿನ್ ಹೊರೋಕೆ ಮುಂಚೆ ಮಣ್ಣು ನೋಡಿ. ಒಣ ಮರಳು, ಜಲ್ಲಿ ಇದ್ರೆ ಚೆನ್ನಾಗಿ ಬರುತ್ತೆ. ಒದ್ದೆ ಜೇಡಿಮಣ್ಣಾದ್ರೆ ಸಿಗ್ನಲ್ ಒಂದೆರಡು ಮೀಟರ್ ಒಳಗೇ ಸತ್ತೋಗುತ್ತೆ, ಅಂಥ ಕಡೆ ನೆಲಕ್ಕೆ ಕರೆಂಟ್ ಹಾಯಿಸಿ ಅಳೆಯೋ ರೆಸಿಸ್ಟಿವಿಟಿ ಸರ್ವೆನೇ ವಾಸಿ.

ಆಂಟೆನಾ 100 ಮೆಗಾಹರ್ಟ್ಸ್ ಆದ್ರೆ ಆಳಕ್ಕೆ ಹೋಗುತ್ತೆ ಆದ್ರೆ ಸುಮಾರು 25 ಸೆಂಟಿಮೀಟರ್‌ಗಿಂತ ಸಣ್ಣ ಜಾರಿಕೆ ಸರಿಯಾಗಿ ಕಾಣಲ್ಲ, 400 ಆದ್ರೆ 6 ಸೆಂಟಿಮೀಟರ್ ತನಕ ಬಿಡಿಸಿ ತೋರ್ಸುತ್ತೆ ಆದ್ರೆ ಮೇಲ್ಮೇಲೇ ನಿಂತ್ಬಿಡುತ್ತೆ, ಅದಕ್ಕೆ ಎರಡನ್ನೂ ಎಳೀರಿ. ಲೈನು ಫಾಲ್ಟ್‌ಗೆ ಅಡ್ಡಕ್ಕೆ ಇರ್ಲಿ, ಒಂದೇ ಅಲ್ಲ, ಪಕ್ಕಪಕ್ಕ ನಾಲ್ಕೈದು. ನೆಲ ಏರಿಳಿತ ಇದ್ರೆ ಲೆವೆಲ್ಲೂ ತಗೊಳ್ಳಿ. ಫಾಲ್ಟ್ ಮೇಲೆ ಕೆಳಗೆ ಅಲ್ಲದೆ ಅಡ್ಡಡ್ಡ ಜಾರೋ ಜಾತಿದಾದ್ರೆ ಒಂದು ಲೈನಲ್ಲಿ ಏನೂ ಸಿಗ್ದೇ ಹೋಗ್ಬಹುದು, ಆಗ ಒತ್ತೊತ್ತಾಗಿ ಗ್ರಿಡ್ ಹಾಕಿ, ಮುಚ್ಚಿಹೋದ ಹಳೇ ತೊರೆ ಎಲ್ಲಿ ತುಂಡಾಗಿ ಪಕ್ಕಕ್ಕೆ ಸರಿದಿದೆ ಅಂತ ಹುಡುಕ್ಬೇಕು.

ಎಲ್ರೂ ಎಡವೋದು ಅಲೆ ನೆಲದೊಳಗೆ ಹೋಗೋ ವೇಗದಲ್ಲಿ, ಆಳದ ಲೆಕ್ಕಕ್ಕೆ ಅದೇ ಬೇಕು. ಪ್ರತಿಧ್ವನಿ 60 ನ್ಯಾನೋಸೆಕೆಂಡಿಗೆ ಬಂತು ಅನ್ಕೊಳ್ಳಿ, ವೇಗ ನ್ಯಾನೋಸೆಕೆಂಡಿಗೆ 0.1 ಮೀಟರ್ ಅಂತ ಹಿಡಿದ್ರೆ ಹೋಗಿಬರೋ ದಾರಿ ಅರ್ಧ ಮಾಡಿ 3 ಮೀಟರ್ ಆಳ, ಆದ್ರೆ ಮಣ್ಣು ಒದ್ದೆ ಇದ್ದು ನಿಜವಾದ ವೇಗ 0.07 ಇದ್ರೆ ಅದು 2.1 ಮೀಟರೇ. ಹತ್ರ ನೀರು ಕೊರೆದ ದಂಡೆ ಇದ್ರೆ ಅದರ ಬದಿಯಲ್ಲಿ ಅಳೆದ ಆಳಕ್ಕೆ ಕಬ್ಬಿಣದ ಸರಳು ಅಡ್ಡಕ್ಕೆ ಬಡಿದು ಮೇಲೆ ಆಂಟೆನಾ ಎಳೀರಿ, ಕೊಡೆ ಬಿಚ್ಚಿದ ಹಾಗೆ ಒಂದು ಕಮಾನು ಕಾಣುತ್ತೆ, ಅದರ ನೆತ್ತಿ ಬಂದ ಸಮಯ, ಸರಳಿನ ಆಳ ಎರಡರಿಂದ ವೇಗ ಲೆಕ್ಕ ಹಾಕಿ.

ಕಮಾನು ಕಂಡಿದ್ದೆಲ್ಲ ನೆಲದೊಳಗಿನದ್ದಲ್ಲ ಮಾರಾಯ್ರೇ. ಶೀಲ್ಡ್ (ಸುತ್ತಲಿನ ಸಿಗ್ನಲ್ ತಡೆಯೋ ಕವಚ) ಇಲ್ಲದ ಆಂಟೆನಾಗೆ ಪಕ್ಕದ ಮರ, ಕರೆಂಟ್ ಕಂಬ, ಬೇಲಿನೂ ಕಾಣುತ್ತೆ. ಕಮಾನಿನ ಆಕಾರದಿಂದ ಲೆಕ್ಕ ಹಾಕಿದ ವೇಗ 0.3 ಬಂತಾ, ಅದು ಗಾಳಿಲಿ ಹೋಗಿಬಂದಿದ್ದು, ಬಿಟ್ಬಿಡಿ. ಬ್ಯಾಕ್‌ಗ್ರೌಂಡ್ ರಿಮೂವಲ್ (ಚಿತ್ರದ ಉದ್ದಕ್ಕೂ ಒಂದೇ ಥರ ಬರೋ ಗೆರೆ ಅಳಿಸೋದು) ಕೂಡ ಹುಷಾರು, ಜೋರಾಗಿ ಹಾಕಿದ್ರೆ ಮಟ್ಟಸ ಪದರಗಳೇ ಮಾಯ.

ಆಮೇಲೆ ನೋಡ್ಬೇಕಾದ್ದು, ಒಂದೇ ಗೆರೆ ಮೇಲೆ ಹಲವು ಪದರ ತುಂಡಾಗಿವೆಯಾ, ಅದೇ ಜಾಗ ಪಕ್ಕದ ಲೈನಲ್ಲೂ ಬರುತ್ತಾ, ಕೆಳಗಿನ ಪದರ ಮೇಲಿನದಕ್ಕಿಂತ ಜಾಸ್ತಿ ಜಾರಿದೆಯಾ ಅಂತ. ಜಾಸ್ತಿ ಜಾರಿದ್ರೆ ಒಂದಕ್ಕಿಂತ ಹೆಚ್ಚು ಸಲ ಅಲುಗಿರೋ ಸಾಧ್ಯತೆ ಇದೆ. ಅಲ್ಲಿಗೆ ಗೂಟ ಹೊಡೀರಿ. ಟ್ರೆಂಚಲ್ಲಿ ತುಂಡಾದ ಪದರದಿಂದ ಒಂದು, ಅದನ್ನ ಮುಚ್ಚಿರೋ ತುಂಡಾಗದ ಪದರದಿಂದ ಇನ್ನೊಂದು ಇದ್ದಿಲ ಚೂರು ಸಿಕ್ರೆ ಕಾರ್ಬನ್ ಡೇಟಿಂಗ್‌ಗೆ ಕಳ್ಸಿ, ಕೊನೇ ಸಲ ಅಲುಗಿದ್ದು ಆ ಎರಡು ವಯಸ್ಸಿನ ನಡುವೆ.