ಪೊಲಿಟಿಕಲ್ ಬೀಟ್ ಸಿಕ್ಕಿದ್ಯಾ? ಮೊದಲು ಪ್ರಶ್ನೋತ್ತರ ಓದಿ

ಪೇಪರ್‌ನಲ್ಲಿ ಪೊಲಿಟಿಕಲ್ ಬೀಟ್, ಅಂದ್ರೆ ರಾಜಕೀಯ ಸುದ್ದಿ ಬರೆಯೋ ಕೆಲಸ, ಸಿಕ್ಕ ತಕ್ಷಣ ಹೊಸಬ್ರೆಲ್ಲ ಮಾಡೋದು ಒಂದೇ, ಲೀಡರ್‌ಗಳ ಮನೆ ಗೇಟ್ ಮುಂದೆ ನಿಲ್ಲೋದು, ಸಚಿವರ ಪಿಎ ನಂಬರ್ ಸೇವ್ ಮಾಡ್ಕೊಳೋದು, 'ಮೂಲಗಳು ತಿಳಿಸಿವೆ' ಅಂತ ಬರೆಯೋದು. ಪಿಎ ಪರಿಚಯ ಬೇಕು, ಬೇಡ ಅನ್ನಲ್ಲ, ಆದ್ರೆ ಅವ್ರು ಕೊಡೋದು ಅವರ ಸಾಹೇಬ್ರಿಗೆ ಅನುಕೂಲ ಆಗೋ ಸುದ್ದೀನೇ.

ಅಧಿವೇಶನ ಬೆಂಗಳೂರಲ್ಲಾಗ್ಲಿ ಬೆಳಗಾವಿ ಸುವರ್ಣ ವಿಧಾನಸೌಧದಲ್ಲಾಗ್ಲಿ, ಆ ದಿನದ ಪ್ರಶ್ನೋತ್ತರ, ಅಂದ್ರೆ ಶಾಸಕರ ಪ್ರಶ್ನೆಗಳಿಗೆ ಸಚಿವರು ಕೊಟ್ಟ ಉತ್ತರ, ಪೂರ್ತಿ ಓದಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಎದ್ದು ನಿಂತು ಉತ್ತರ ಹೇಳ್ಬೇಕು, ಅದನ್ನ ಟಿವಿಯವ್ರು ಬಿಡಲ್ಲ. ಚುಕ್ಕೆ ಇಲ್ಲದ ಪ್ರಶ್ನೆಗೆ ಬರೀ ಲಿಖಿತ ಉತ್ತರ, ಗಲಾಟೆ ಇಲ್ಲ, ನೋಡೋರೂ ಕಮ್ಮಿ, ನಿಮಗೆ ಬೇಕಿರೋದು ಅದೇ. ಯಾವ ತಾಲೂಕಿಗೆ ಎಷ್ಟು ದುಡ್ಡು ಹೋಯ್ತು, ಎಷ್ಟು ಹುದ್ದೆ ಖಾಲಿ, ಯಾವ ಕಾಮಗಾರಿ ನಿಂತಿದೆ ಅನ್ನೋದೆಲ್ಲ ಹಿಂದೆ ಲಗತ್ತಿಸಿರೋ ಅನುಬಂಧದಲ್ಲಿ ಇರುತ್ತೆ. ಹಿಂದಿನ ಅಧಿವೇಶನದ ಉತ್ತರ ಪಕ್ಕಕ್ಕಿಟ್ಕೊಂಡು ನೋಡಿ, ಎರಡಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಇಲಾಖೆಗೆ ಫೋನ್ ಮಾಡಿ ಕೇಳಿ, ಸ್ಟೋರಿ ಅಲ್ಲೇ ಇದೆ. ಚುನಾವಣೆ ಟೈಮಲ್ಲೂ ಹಿಂಗೇ, ಕ್ಯಾಂಡಿಡೇಟ್‌ನ ಈ ಸಲದ ಅಫಿಡವಿಟ್ಟು, ಹೋದ ಸಲದ್ದು, ಎರಡನ್ನೂ ಜೊತೇಲಿಟ್ಟು ಆಸ್ತಿ, ಸಾಲ, ಕೇಸು ನೋಡಿ.

ಸರ್ಕಾರ ಅಲ್ಲಾಡೋಕೆ ಶುರುವಾದ್ರೆ ರೆಸಾರ್ಟ್ ಬಸ್ ಹಿಂದೆ ಓಡೋಕೆ ಜನ ಬೇಕಾದಷ್ಟಿರ್ತಾರೆ. ನೀವು ಲೆಕ್ಕ ಹಾಕಿ. ವಿಧಾನಸಭೇಲಿ 224 ಸ್ಥಾನ, ಬಹುಮತಕ್ಕೆ 113 ಅಂತ ಎಲ್ರಿಗೂ ಗೊತ್ತು, ಆದ್ರೆ ವಿಶ್ವಾಸಮತದಲ್ಲಿ ಲೆಕ್ಕಕ್ಕೆ ಬರೋದು ಅವತ್ತು ಹಾಜರಿದ್ದು ಮತ ಹಾಕಿದವ್ರು ಮಾತ್ರ. 2019ರ ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ ಬಿದ್ದಿದ್ದು 99-105ರಲ್ಲಿ, ಬೀಳಿಸಿದವ್ರ ಹತ್ರನೂ 113 ಇರ್ಲಿಲ್ಲ, ರಾಜೀನಾಮೆ ಕೊಟ್ಟ ಆಡಳಿತ ಪಕ್ಷಗಳ ಶಾಸಕ್ರು ಸದನಕ್ಕೇ ಬಂದಿರ್ಲಿಲ್ಲ ಅಷ್ಟೆ. ಅದಕ್ಕೇ ಪಕ್ಷಾಂತರ ಮಾಡಿದವ್ರ ಅನರ್ಹತೆ ಬಗ್ಗೆ ಹೇಳೋ ಸಂವಿಧಾನದ ಹತ್ತನೇ ಅನುಸೂಚಿ, ಬಹುಮತ ಸದನದಲ್ಲೇ ಸಾಬೀತಾಗ್ಬೇಕು ಅಂದ ಸುಪ್ರೀಂ ಕೋರ್ಟ್‌ನ 1994ರ ಬೊಮ್ಮಾಯಿ ತೀರ್ಪು ಇವೆರಡನ್ನ ಆರಾಮಾಗಿರೋ ದಿನಗಳಲ್ಲೇ ಓದಿಟ್ಕೊಳಿ, ರಾತ್ರಿ ಹತ್ತಕ್ಕೆ ಡೆಸ್ಕಿಂದ ಫೋನ್ ಬಂದಾಗ ಓದೋಕಾಗಲ್ಲ.

ಆಫ್ ದಿ ರೆಕಾರ್ಡ್ ಅಂತ ಯಾರಾದ್ರೂ ಅಂದ್ರೆ, ಹೆಸರು ಬೇಡ್ವಾ ಅಥವಾ ಸುದ್ದೀನೇ ಬೇಡ್ವಾ ಅಂತ ಮಾತು ಶುರುವಾಗೋ ಮುಂಚೆನೇ ಕೇಳ್ಕೊಳಿ. ಸುದ್ದಿಗೋಷ್ಠಿ ಮುಗಿದ್ಮೇಲೆ ಕಾಫಿ ಕೊಟ್ರೆ ಕುಡೀರಿ, ದುಡ್ಡಿನ ಕವರ್ ಕೊಟ್ರೆ ಅಲ್ಲೇ ವಾಪಸ್ ಕೊಟ್ಟು ಆಫೀಸಿಗೂ ಹೇಳ್ಬಿಡಿ.